ರಾಷ್ಟ್ರಕವಿ, ಆಸ್ಥಾನಕವಿ, ವರಕವಿ: ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತು ಅಂದ್ರೆ ಕ್ವಿಜ್‌ಗೆ ತಯಾರಾಗುವ ಮಕ್ಕಳು, ಭಾಷಣ ಬರೆಯುವ ಮೇಷ್ಟ್ರುಗಳು, ಸಂಘದ ಕಾರ್ಯದರ್ಶಿಗಳು ಎಲ್ಲರೂ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ರಾಷ್ಟ್ರಕವಿ ಯಾರು, ಎಷ್ಟು ಜನ, ಯಾರು ಕೊಟ್ಟರು, ಬೇಂದ್ರೆಯವರಿಗೆ ಯಾಕಿಲ್ಲ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಕೆಲವಕ್ಕೆ ಒಂದೆರಡು ಸಾಲು ಸಾಕು. ಕೆಲವಕ್ಕೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಕನ್ನಡದಲ್ಲಿ ರಾಷ್ಟ್ರಕವಿಗಳು ಎಷ್ಟು ಜನ?

ಮೂವರು. ಮಂಜೇಶ್ವರದ ಗೋವಿಂದ ಪೈ (1949), ಕುವೆಂಪು (1964), ಜಿ.ಎಸ್. ಶಿವರುದ್ರಪ್ಪ (2006). ಮೂವರಲ್ಲಿ ಕೊನೆಯವರು ಎರಡನೆಯವರ ಶಿಷ್ಯ. ಮೂವರೂ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು: ಪೈಗಳು 1951ರಲ್ಲಿ ಮುಂಬಯಿಯಲ್ಲಿ, ಕುವೆಂಪು 1957ರಲ್ಲಿ ಧಾರವಾಡದಲ್ಲಿ, ಜಿಎಸ್‌ಎಸ್ 1992ರಲ್ಲಿ ದಾವಣಗೆರೆಯಲ್ಲಿ.

"ರಾಷ್ಟ್ರ" ಅಂತ ಇದೆಯಲ್ಲ, ಹಾಗಾದ್ರೆ ಇದನ್ನು ಕೇಂದ್ರ ಸರ್ಕಾರ ಕೊಡುತ್ತದಾ?

ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಕುವೆಂಪು, ಜಿಎಸ್‌ಎಸ್ ಇಬ್ಬರಿಗೂ ಈ ಗೌರವ ಕೊಟ್ಟಿದ್ದು ನಮ್ಮ ರಾಜ್ಯ ಸರ್ಕಾರ. ಕುವೆಂಪು ಅವರಿಗೆ ಕೊಟ್ಟಾಗ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಲೇ ಇತ್ತು. ಕರ್ನಾಟಕ ಅಂತ ಆಗಿದ್ದು 1973ರಲ್ಲಿ. ಪೈಗಳಿಗೆ ಕೊಟ್ಟಿದ್ದು ಮದ್ರಾಸ್ ಸರ್ಕಾರ.

ಹಿಂದಿಯಲ್ಲೂ ಮೈಥಿಲೀಶರಣ ಗುಪ್ತ, ರಾಮಧಾರಿ ಸಿಂಗ್ ದಿನಕರ್ ಇಬ್ಬರನ್ನೂ ರಾಷ್ಟ್ರಕವಿ ಅಂತಾರೆ. ಅದು ಜನರ ಬಾಯಲ್ಲಿ ನಿಂತ ಬಿರುದು. ಇಡೀ ದೇಶಕ್ಕೆ ಒಬ್ಬರು ರಾಷ್ಟ್ರಕವಿ ಅನ್ನುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಇಷ್ಟು ಭಾಷೆ ಇರುವ ದೇಶದಲ್ಲಿ ಅದು ಇಲ್ಲದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕನ್ನಡದ ಕವಿಗೆ ಮದ್ರಾಸ್ ಸರ್ಕಾರ ಯಾಕೆ ಬಿರುದು ಕೊಟ್ಟಿತು?

1949ರಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮಂಗಳೂರು, ಉಡುಪಿ, ಕಾಸರಗೋಡು, ಮಂಜೇಶ್ವರ ಎಲ್ಲವೂ ಅದರ ಒಳಗೇ. ತಮಿಳು, ತೆಲುಗು, ಮಲಯಾಳ, ಕನ್ನಡ ನಾಲ್ಕೂ ಆಡುವ ಜನ ಆ ಒಂದೇ ಪ್ರಾಂತದಲ್ಲಿದ್ದರು. ಆ ಸರ್ಕಾರ ಆಗ ತಮಿಳಿನ ನಾಮಕ್ಕಲ್ ರಾಮಲಿಂಗಂ ಪಿಳ್ಳೈ ಅವರನ್ನು ಆಸ್ಥಾನಕವಿ ಮಾಡಿತು. ಕನ್ನಡಕ್ಕೆ ಗೋವಿಂದ ಪೈಗಳು ಸಿಕ್ಕರು.

ಪೈಗಳು ಎಂಥ ಮನುಷ್ಯ ಅಂದರೆ, ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು, ಬುದ್ಧನ ಕೊನೆಯ ದಿನದ ಮೇಲೆ 'ವೈಶಾಖಿ' ಬರೆದರು. ಹಳಗನ್ನಡದ ಕಾಲದಿಂದ ಕವಿಗಳು ಪಾಲಿಸಿಕೊಂಡು ಬಂದಿದ್ದ, ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸವನ್ನು ಕೈಬಿಟ್ಟು ಬರೆದು ತೋರಿಸಿದರು. ಆಗ ಅದು ದೊಡ್ಡ ಗಲಾಟೆಯ ವಿಷಯ. "ತಾಯೆ ಬಾರ, ಮೊಗವ ತೋರ, ಕನ್ನಡಿಗರ ಮಾತೆಯೆ" ಅಂತ ಹಾಡಿದವರೂ ಇವರೇ. 1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆದಾಗ ಮಂಜೇಶ್ವರ ಕೇರಳಕ್ಕೆ ಹೋಯಿತು. ಅಂದರೆ ಕನ್ನಡದ ಮೊದಲ ರಾಷ್ಟ್ರಕವಿ ಕೊನೆಯ ಏಳು ವರ್ಷ ಬದುಕಿದ್ದು ಕೇರಳ ರಾಜ್ಯದಲ್ಲಿ. 1963ರಲ್ಲಿ ಅಲ್ಲಿಯವರಾಗಿಯೇ ತೀರಿಕೊಂಡರು. ಬಿರುದು ಕೊಟ್ಟ ಪ್ರಾಂತ ಒಡೆದುಹೋಗಿತ್ತು, ಹುಟ್ಟಿದ ಊರು ಇನ್ನೊಂದು ರಾಜ್ಯದ ಪಾಲಾಗಿತ್ತು. ಹಾಡು ಮಾತ್ರ ಇವತ್ತಿಗೂ ರಾಜ್ಯೋತ್ಸವದ ವೇದಿಕೆಯಲ್ಲಿ ಕೇಳಿಸುತ್ತದೆ.

ಇಂಗ್ಲೆಂಡಿನ ಪೊಯೆಟ್ ಲಾರಿಯೆಟ್ ಅಂದ್ರೆ ಇದೇನಾ?

ಹತ್ತಿರ ಇದೆ, ಆದರೆ ಒಂದೇ ಅಲ್ಲ. ಅಲ್ಲಿ ಅದು ಅರಮನೆಯ ಹುದ್ದೆ. ನೇಮಕ ಇದೆ, ಸಂಬಳ ಅಂತ ಒಂದಿಷ್ಟು ದುಡ್ಡಿದೆ. ಮೊದಲು ಅಧಿಕೃತವಾಗಿ ನೇಮಕ ಆದವರು ಜಾನ್ ಡ್ರೈಡನ್, 1668ರಲ್ಲಿ. ಅವರ ಕಥೆ ಕೇಳಿದರೆ ಹುದ್ದೆಯ ಸ್ವಭಾವ ಗೊತ್ತಾಗುತ್ತದೆ. 1688ರಲ್ಲಿ ರಾಜ ಬದಲಾದ. ಡ್ರೈಡನ್ ಕ್ಯಾಥೊಲಿಕ್ ಆಗಿದ್ದರು, ಹೊಸ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲಿಲ್ಲ. ಕೆಲಸ ಹೋಯಿತು. ಆ ಜಾಗಕ್ಕೆ ಬಂದವರು ಯಾರು ಗೊತ್ತಾ? ಥಾಮಸ್ ಶ್ಯಾಡ್‌ವೆಲ್. ಡ್ರೈಡನ್ ಒಂದು ಇಡೀ ಪದ್ಯ ಬರೆದು ದಡ್ಡರ ದೊರೆ ಅಂತ ಗೇಲಿ ಮಾಡಿದ್ದ ಅದೇ ಶ್ಯಾಡ್‌ವೆಲ್!

ಮುಂದೆ ವರ್ಡ್ಸ್‌ವರ್ತ್ 1843ರಲ್ಲಿ, ಟೆನಿಸನ್ 1850ರಲ್ಲಿ ಆ ಪಟ್ಟಕ್ಕೆ ಬಂದರು. ಟೆನಿಸನ್ ಸಾಯುವವರೆಗೆ, ಅಂದರೆ 42 ವರ್ಷ, ಕೂತರು. ಮೊದಲು ಅದು ಸಾಯುವ ತನಕದ ಹುದ್ದೆ. 1999ರಲ್ಲಿ ಬಂದ ಆಂಡ್ರ್ಯೂ ಮೋಶನ್ ಕಾಲದಿಂದ ಹತ್ತು ವರ್ಷಕ್ಕೆ ಇಳಿಸಿದರು. ಮೊದಲ ಹೆಣ್ಣುಮಗಳು ಕ್ಯಾರಲ್ ಆನ್ ಡಫಿ, 2009ರಲ್ಲಿ. ಈ ಪಟ್ಟದ ಜೊತೆಗೆ ಒಂದು ಪೀಪಾಯಿ ದ್ರಾಕ್ಷಾರಸ ಕೊಡುವ ಹಳೇ ಪದ್ಧತಿಯೂ ಉಂಟು. ನಮ್ಮ ರಾಷ್ಟ್ರಕವಿಗಳಿಗೆ ಆ ಭಾಗ್ಯ ಇಲ್ಲ.

ಅಮೆರಿಕದಲ್ಲಿ ಈ ಕೆಲಸ ಅಲ್ಲಿಯ ಸಂಸತ್ತಿನ ಗ್ರಂಥಾಲಯದ ಕೈಯಲ್ಲಿದೆ. 1937ರಿಂದ ಕಾವ್ಯ ಸಲಹೆಗಾರ ಅಂತಿದ್ದ ಹುದ್ದೆಗೆ 1986ರಲ್ಲಿ ಲಾರಿಯೆಟ್ ಅನ್ನುವ ಹೆಸರು ಸೇರಿತು.

ಲಾರಿಯೆಟ್ ಅನ್ನುವ ಹೆಸರು ಲಾರೆಲ್ ಗಿಡದ ಎಲೆಯ ಕಿರೀಟದಿಂದ ಬಂದದ್ದು. 1341ರ ಏಪ್ರಿಲ್ 8ರಂದು ರೋಮ್ ನಗರದ ಕ್ಯಾಪಿಟಲ್ ಗುಡ್ಡದಲ್ಲಿ ಕವಿ ಪೆಟ್ರಾರ್ಕನ ತಲೆಗೆ ಅಂಥ ಕಿರೀಟ ಇಟ್ಟಿದ್ದು ಪ್ರಸಿದ್ಧ. ಅದೇ ಎಲೆಯನ್ನು ಯುರೋಪಿನವರು ಅಡುಗೆಗೂ ಹಾಕುತ್ತಾರೆ. ನಮ್ಮ ಪಲಾವ್ ಎಲೆ ಅದರ ದಾಯಾದಿ, ಅದೇ ಅಲ್ಲ.

ರಾಷ್ಟ್ರಕವಿಗೆ ಸಂಬಳ, ಕೆಲಸ ಏನಾದ್ರೂ ಇರುತ್ತಾ?

ಹುದ್ದೆಯೇ ಅಲ್ಲ ಅಂದ ಮೇಲೆ ಕೆಲಸ ಎಲ್ಲಿಂದ? ರಾಜ್ಯದ ಹಬ್ಬಕ್ಕೆ ಪದ್ಯ ಬರೆದುಕೊಡಬೇಕು, ಮಂತ್ರಿಗಳ ಹುಟ್ಟುಹಬ್ಬಕ್ಕೆ ಹಾಡಬೇಕು ಅನ್ನುವ ಕರಾರು ಇಲ್ಲ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' ನಾಡಗೀತೆ ಆಗಿದೆಯಲ್ಲ, ಅದು ರಾಷ್ಟ್ರಕವಿ ಅಂತ ಬರೆದುಕೊಟ್ಟಿದ್ದಲ್ಲ. ಅವರು ಅದನ್ನು ಬರೆದಿದ್ದು ಬಿರುದಿಗೂ ಎಷ್ಟೋ ದಶಕ ಮೊದಲು. ನಾಡಗೀತೆ ಅಂತ ಸರ್ಕಾರ ಘೋಷಿಸಿದ್ದು 2004ರಲ್ಲಿ, ಅವರು ತೀರಿಕೊಂಡು ಒಂಬತ್ತು ವರ್ಷ ದಾಟಿದ ಮೇಲೆ.

ರಾಜರ ಕಾಲದಲ್ಲಿ ಕವಿಗಳಿಗೆ ಏನು ಕೊಡುತ್ತಿದ್ದರು?

ಊರು ಕೊಡುತ್ತಿದ್ದರು. ಪಂಪನನ್ನೇ ನೋಡಿ. ಅವನ ದೊರೆ ಚಾಲುಕ್ಯ ವಂಶದ ಇಮ್ಮಡಿ ಅರಿಕೇಸರಿ, ಆಳಿದ್ದು ವೇಮುಲವಾಡದಿಂದ. ಇವತ್ತು ಅದು ತೆಲಂಗಾಣದಲ್ಲಿದೆ. ಪಂಪ ಕ್ರಿ.ಶ. 941ರ ಹೊತ್ತಿಗೆ ಮಹಾಭಾರತದ ಕಥೆಯನ್ನು 'ವಿಕ್ರಮಾರ್ಜುನ ವಿಜಯ' ಅಂತ ಕನ್ನಡದಲ್ಲಿ ಬರೆದ. ಬರೆಯುವಾಗ ಅರ್ಜುನನ ಜಾಗದಲ್ಲಿ ಅರಿಕೇಸರಿಯನ್ನು ತಂದು ಕೂರಿಸಿದ. ಕಾವ್ಯ ಓದುತ್ತಾ ಹೋದರೆ ಇದು ಅರ್ಜುನನ ಹೊಗಳಿಕೆಯೋ ದೊರೆಯ ಹೊಗಳಿಕೆಯೋ ಗೊತ್ತಾಗದಷ್ಟು ಬೆರೆತಿದೆ. ಅದಕ್ಕೆ ಪ್ರತಿಯಾಗಿ ಧರ್ಮಪುರ ಅನ್ನುವ ಅಗ್ರಹಾರವನ್ನೇ ಅರಿಕೇಸರಿ ಬಿಟ್ಟುಕೊಟ್ಟ. ಇದು ಬರೀ ಕವಿಯ ಬಾಯಿಮಾತಲ್ಲ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರಿಕ್ಯಾಲದ ಗುಡ್ಡದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲೂ ಈ ದಾನದ ಮಾತಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನ ಅದು. ಅಣ್ಣನಿಗೆ ಸಿಕ್ಕ ಗೌರವವನ್ನು ತಮ್ಮ ಕಲ್ಲಿನಲ್ಲಿ ಬರೆಸಿದ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ಆದರೆ ಪಂಪ ಬುದ್ಧಿವಂತ. ದೊರೆಗೆ ಒಂದು ಕಾವ್ಯ, ಧರ್ಮಕ್ಕೆ ಒಂದು ಕಾವ್ಯ ಅಂತ ಲೆಕ್ಕ ಬೇರೆ ಬೇರೆ ಇಟ್ಟ. "ಬೆಳಗುವೆನಿಲ್ಲಿ ಲೌಕಿಕಮನ್, ಅಲ್ಲಿ ಜಿನಾಗಮಮನ್" ಅಂತ ಅವನೇ ಹೇಳಿದ್ದಾನೆ. ಇಲ್ಲಿ ಲೋಕದ ವಿಷಯ, ಅಲ್ಲಿ, ಅಂದರೆ 'ಆದಿಪುರಾಣ'ದಲ್ಲಿ, ಜೈನ ಧರ್ಮದ ವಿಷಯ. ದೊರೆಯನ್ನು ಹೊಗಳುತ್ತಲೇ ಕರ್ಣನಿಗಾಗಿ ಕಣ್ಣೀರಿಟ್ಟವನೂ ಅವನೇ. ಭಾರತ ಕೇಳುವಾಗ ಬೇರೆ ಯಾರನ್ನೂ ನೆನೆಯಬೇಡಿ, ಒಂದೇ ಮನಸ್ಸಿನಿಂದ ಕರ್ಣನನ್ನು ನೆನೆಯಿರಿ ಅಂತ ಬರೆದ. ಊರು ಕೊಟ್ಟ ದೊರೆ ಅರ್ಜುನನಾಗಿರುವ ಕಾವ್ಯದಲ್ಲಿ, ಅರ್ಜುನನ ಎದುರಾಳಿಗೆ ಇಷ್ಟು ದೊಡ್ಡ ಜಾಗ. ಅರಿಕೇಸರಿ ಇದನ್ನು ಸಹಿಸಿಕೊಂಡ ಅನ್ನುವುದು ಅವನ ದೊಡ್ಡತನ.

ಪಂಪನ ನಂತರ ಬಿರುದುಗಳ ಸಾಲು ಶುರುವಾಯಿತು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಪೊನ್ನನಿಗೆ 'ಉಭಯಕವಿಚಕ್ರವರ್ತಿ' ಅಂದ. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನನಿಗೆ ಕಲ್ಯಾಣ ಚಾಲುಕ್ಯರ ತೈಲಪ 'ಕವಿಚಕ್ರವರ್ತಿ' ಅಂದ. ಹೊಯ್ಸಳರ ವೀರಬಲ್ಲಾಳ ಜನ್ನನಿಗೂ ಅದೇ ಬಿರುದು ಕೊಟ್ಟ. ಬಳೆ ಮಾರುವವರ ಮಗ ಚಕ್ರವರ್ತಿ ಅನ್ನಿಸಿಕೊಂಡಿದ್ದು ಹತ್ತನೇ ಶತಮಾನದಲ್ಲಿ ಸಣ್ಣ ಮಾತಲ್ಲ.

ಆಶ್ರಯ ಕೊಟ್ಟವರು ದೊರೆಗಳು ಮಾತ್ರ ಅಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ರನ್ನನಿಂದ 'ಅಜಿತಪುರಾಣ' ಬರೆಸಿದಳು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದಳು. ಅಚ್ಚುಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಒಬ್ಬ ಕೂತು ಕಂಠ ಅನ್ನುವ ಚೂಪಾದ ಕಡ್ಡಿಯಿಂದ ಗೀರಿ ಬರೆಯಬೇಕು. ಬಿರುದು ಕೊಡುವುದಕ್ಕಿಂತ ಇದು ದೊಡ್ಡ ಸನ್ಮಾನ ಅಲ್ವಾ?

ಆಸ್ಥಾನ ಬೇಡ ಅಂದ ಕವಿಗಳು ಇದ್ದರಾ?

ಇದ್ದರು, ಮತ್ತು ಕನ್ನಡದಲ್ಲಿ ಅವರ ಪರಂಪರೆಯೇ ಜಾಸ್ತಿ ಗಟ್ಟಿ. ಹರಿಹರ ಹೊಯ್ಸಳರ ದೋರಸಮುದ್ರದಲ್ಲಿ ಲೆಕ್ಕ ಬರೆಯುವ ಕರಣಿಕ. ಇವತ್ತಿನ ಹಳೇಬೀಡು ಅದು. ಆ ಕೆಲಸ ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ಕೂತು ಶಿವಶರಣರ ರಗಳೆ ಬರೆದ. ದೊರೆಗಳನ್ನು ಹೊಗಳುವುದು ಅವನಿಗೆ ಆಗಿಬರುತ್ತಿರಲಿಲ್ಲ. "ಮನುಜರ ಮೇಲೆ, ಸಾವವರ ಮೇಲೆ, ಕನಿಷ್ಠರ ಮೇಲೆ" ಕಾವ್ಯ ಕಟ್ಟುವುದೇನು ಅಂತ ಕಿಡಿಕಾರಿದ. ರಾಜನನ್ನು "ಸಾಯುವವನು" ಅಂತ ಕರೆಯುವುದಕ್ಕೆ ಆ ಕಾಲದಲ್ಲಿ ಗುಂಡಿಗೆ ಬೇಕು.

ಅವನ ಸೋದರಳಿಯ ರಾಘವಾಂಕನ ಕಥೆ ಇನ್ನೂ ಸ್ವಾರಸ್ಯ. ಹುಡುಗ 'ಹರಿಶ್ಚಂದ್ರ ಕಾವ್ಯ' ಬರೆದು ಮಾವನಿಗೆ ತೋರಿಸಿದ. ಶಿವಭಕ್ತರನ್ನು ಬಿಟ್ಟು ಮನುಷ್ಯ ರಾಜನನ್ನು ಹೊಗಳಿದ್ದೀಯಾ ಅಂತ ಸಿಟ್ಟಾದ ಹರಿಹರ ಕಾಲಿನ ಪಾದರಕ್ಷೆಯಿಂದಲೇ ಹೊಡೆದ. ಐದು ಹಲ್ಲು ಬಿದ್ದವು. ಆಮೇಲೆ ಅಳಿಯ ಒಂದೊಂದು ಹಲ್ಲಿಗೆ ಒಂದರಂತೆ ಶಿವಪರವಾದ ಕಾವ್ಯ ಬರೆದ, ಹಲ್ಲು ಒಂದೊಂದೇ ವಾಪಸ್ ಬಂದವು. ಇದು ಕಥೆ, ಇತಿಹಾಸ ಅಂತ ಯಾರೂ ಆಣೆ ಇಟ್ಟು ಹೇಳುವುದಿಲ್ಲ. ತಮಾಷೆ ಅಂದ್ರೆ ಜನ ಇವತ್ತಿಗೂ ಮುಗಿಬಿದ್ದು ಓದುವುದು ಹಲ್ಲು ಕಳೆದ ಆ 'ಹರಿಶ್ಚಂದ್ರ ಕಾವ್ಯ'ವನ್ನೇ.

ಕುಮಾರವ್ಯಾಸನೂ ಅಷ್ಟೇ. ಗದುಗಿನ ದೇವಸ್ಥಾನದಲ್ಲಿ ಕೂತು ಬರೆದ. "ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ" ಅಂತ ಕವಿ ಪಟ್ಟವನ್ನೇ ದೇವರಿಗೆ ಬಿಟ್ಟುಕೊಟ್ಟ. ತಾನು ಬರೀ ಬರೆದುಕೊಳ್ಳುವ ಗುಮಾಸ್ತ. ವಚನಕಾರರ ಮಾತಂತೂ ಬೇಡವೇ ಬೇಡ, ಅವರ ಅಂಕಿತದಲ್ಲೂ ದೇವರ ಹೆಸರೇ.

ಇನ್ನೊಂದು ಬಗೆಯವರೂ ಇದ್ದರು: ಆಶ್ರಯ ಬೇಕಿತ್ತು, ಸಿಗಲಿಲ್ಲ. ನಂದಳಿಕೆಯ ಮುದ್ದಣ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತನ್ನ ಹೆಸರಲ್ಲಿ ಕಳಿಸಿದರೆ ಯಾರು ಓದುತ್ತಾರೆ ಅಂತ, ಇದು ಹಳೇ ಕಾಲದ ಕವಿಯ ಗ್ರಂಥ, ನನಗೆ ಸಿಕ್ಕಿತು ಅಂತ ಹೇಳಿ ಮೈಸೂರಿಗೆ ಕಳಿಸಿದ. ಅಲ್ಲಿಯವರು ನಂಬಿ ಅಚ್ಚು ಹಾಕಿದರು. 1901ರಲ್ಲಿ, ಮೂವತ್ತು ದಾಟಿದ್ದೇ ತಡ, ತೀರಿಕೊಂಡ. ಬರೆದವನು ಅವನೇ ಅಂತ ಕನ್ನಡ ನಾಡಿಗೆ ಗೊತ್ತಾಗಿದ್ದು ಆಮೇಲೆ.

ಮೈಸೂರು ಅರಸರ ಆಸ್ಥಾನದಲ್ಲಿ?

ಬಸವಪ್ಪ ಶಾಸ್ತ್ರಿಗಳು. ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದಿದ್ದಕ್ಕೆ 'ಅಭಿನವ ಕಾಳಿದಾಸ' ಅನ್ನಿಸಿಕೊಂಡರು. ಸಂಸ್ಥಾನದ ಗೀತೆ 'ಕಾಯೌ ಶ್ರೀ ಗೌರಿ' ಬರೆದವರೂ ಅವರೇ. ಆಮೇಲೆ ಬಿ.ಎಂ. ಶ್ರೀಕಂಠಯ್ಯನವರಿಗೆ ಅರಮನೆ 'ರಾಜಸೇವಾಸಕ್ತ' ಅಂತ ಬಿರುದು ಕೊಟ್ಟಿತು. ಕನ್ನಡಿಗರು ಅವರನ್ನು ಕರೆಯುವುದು ಮಾತ್ರ 'ಕನ್ನಡದ ಕಣ್ವ' ಅಂತ.

ಹಾಗಾದ್ರೆ ರಾಜರು ಹೋದ ಮೇಲೆ ಏನು ಬದಲಾಯಿತು?

ಒಂದು ಪುಟ ತೆರೆದು ನೋಡಿದರೆ ಸಾಕು. 'ಶ್ರೀ ರಾಮಾಯಣ ದರ್ಶನಂ' ಶುರುವಾಗುವುದಕ್ಕೆ ಮೊದಲು ಕುವೆಂಪು ಆ ಮಹಾಕಾವ್ಯವನ್ನು ಒಪ್ಪಿಸಿದ್ದು ಯಾರಿಗೆ? ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಪಂಪನ ಕಾವ್ಯದಲ್ಲಿ ದೊರೆ ಇದ್ದ ಜಾಗದಲ್ಲಿ ಇಲ್ಲಿ ಒಬ್ಬ ಕನ್ನಡ ಮೇಷ್ಟ್ರು ಇದ್ದಾರೆ. ಅದೂ ಆ ಹೊತ್ತಿಗೆ ತೀರಿಹೋಗಿದ್ದ, ತಿರುಗಿ ಏನನ್ನೂ ಕೊಡಲಾಗದ ಮೇಷ್ಟ್ರು. ಕವಿಗೆ ಅರಸುಗಿರಸುಗಳ ಋಣ ಇಲ್ಲ ಅಂತ ಹಾಡಿದ ಕವಿಗೆ ಇದು ಸಹಜವೇ.

ಅಲ್ಲಿಂದ ಮುಂದೆ ಗೌರವ ಮೂರು ಕಡೆಯಿಂದ ಬರತೊಡಗಿತು. ಸರ್ಕಾರ ಒಂದು, ಸಂಸ್ಥೆಗಳು ಇನ್ನೊಂದು. ಮೂರನೆಯದು ಓದುಗರು, ಅವರಿಗೆ ಯಾರ ಆದೇಶವೂ ಬೇಕಿಲ್ಲ. ನನ್ನ ಕೇಳಿದರೆ ಕನ್ನಡದಲ್ಲಿ ಬಹಳ ಕಾಲ ಬಾಳಿದ ಬಿರುದುಗಳು ಈ ಮೂರನೇ ಕಡೆಯಿಂದ ಬಂದವು. ಮಾಸ್ತಿ 'ಕನ್ನಡದ ಆಸ್ತಿ'. ಕೆ.ಎಸ್. ನರಸಿಂಹಸ್ವಾಮಿ 'ಪ್ರೇಮಕವಿ'. ನಿಸಾರ್ ಅಹಮದ್ 'ನಿತ್ಯೋತ್ಸವದ ಕವಿ'.

ಬೇಂದ್ರೆ ಯಾಕೆ ರಾಷ್ಟ್ರಕವಿ ಆಗಲಿಲ್ಲ?

ಧಾರವಾಡದ ಕಡೆ ಈ ಪ್ರಶ್ನೆ ಕೇಳುವಾಗ ದನಿ ಸ್ವಲ್ಪ ಏರುತ್ತದೆ. ಏರಲಿ, ತಪ್ಪಿಲ್ಲ. ಬೇಂದ್ರೆಗೆ 'ವರಕವಿ' ಅನ್ನುವ ಹೆಸರು ಅಂಟಿಕೊಂಡಿದೆ. ಯಾವ ಕಚೇರಿಯಲ್ಲಿ ಹುಡುಕಿದರೂ ಅದರ ಕಡತ ಸಿಗುವುದಿಲ್ಲ. ಸರ್ಕಾರ ಅವರಿಗೆ ಮೊದಲು ಕೊಟ್ಟಿದ್ದು ಬಿರುದಲ್ಲ, ಸೆರೆಮನೆ. 'ನರಬಲಿ' ಪದ್ಯಕ್ಕಾಗಿ ಬ್ರಿಟಿಷರು ಅವರನ್ನು ಹಿಂಡಲಗಾ ಜೈಲಿಗೆ ಹಾಕಿ, ಆಮೇಲೆ ಮುಗದದಲ್ಲಿ ಕಾವಲಲ್ಲಿಟ್ಟರು. ಮೇಷ್ಟ್ರ ಕೆಲಸ ಹೋಯಿತು. ಆಮೇಲೆ 1968ರಲ್ಲಿ ಪದ್ಮಶ್ರೀ ಬಂತು, 1973ರಲ್ಲಿ 'ನಾಕುತಂತಿ'ಗೆ ಜ್ಞಾನಪೀಠ ಬಂತು. ರಾಷ್ಟ್ರಕವಿ ಅನ್ನುವುದು ವರ್ಷವರ್ಷ ಕೊಡುವ ಪ್ರಶಸ್ತಿಯಲ್ಲ. ಒಬ್ಬರಿದ್ದಾಗ ಇನ್ನೊಬ್ಬರಿಗೆ ಕೊಟ್ಟಿಲ್ಲ. ಕುವೆಂಪು 1994ರವರೆಗೆ ಇದ್ದರು. ಬೇಂದ್ರೆ 1981ರಲ್ಲೇ ಹೋದರು.

ಜ್ಞಾನಪೀಠ ದೊಡ್ಡದಾ, ರಾಷ್ಟ್ರಕವಿ ದೊಡ್ಡದಾ?

ಎರಡೂ ಬೇರೆ ಜಾತಿಯವು. ಜ್ಞಾನಪೀಠ ಖಾಸಗಿ ಸಂಸ್ಥೆ ಕೊಡುವ ಅಖಿಲ ಭಾರತ ಪ್ರಶಸ್ತಿ, 1965ರಿಂದ ಕೊಡುತ್ತಿದ್ದಾರೆ. ಕನ್ನಡಕ್ಕೆ ಎಂಟು ಬಂದಿವೆ: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಕುವೆಂಪು ಒಬ್ಬರಿಗೇ ಎರಡೂ ಸಿಕ್ಕಿದ್ದು. ಅವರಿಗೆ 1992ರಲ್ಲಿ, ಡಾ. ರಾಜ್‌ಕುಮಾರ್ ಜೊತೆಗೆ, ಮೊದಲ ಕರ್ನಾಟಕ ರತ್ನವೂ ಸಿಕ್ಕಿತು. ಇನ್ನು ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, ರಾಜ್ಯ ಸರ್ಕಾರದ ಪಂಪ ಪ್ರಶಸ್ತಿ, ನೃಪತುಂಗ ಪ್ರಶಸ್ತಿ ಎಲ್ಲ ಬೇರೆ ಬೇರೆ. ಸಮ್ಮೇಳನದ ಅಧ್ಯಕ್ಷತೆಯನ್ನೂ ಪ್ರಶಸ್ತಿ ಅಂತಲೇ ಎಣಿಸಿ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರಿಂದ ಶುರುವಾದ ಸಾಲು ಅದು. ಸಾರೋಟಿನಲ್ಲಿ ಕೂರಿಸಿ ಊರೆಲ್ಲ ಮೆರವಣಿಗೆ ಮಾಡಿ, ಇಡೀ ಊರಿಗೆ ಊಟ ಹಾಕಿ ಸಾಹಿತಿಯನ್ನು ಗೌರವಿಸುವ ಪದ್ಧತಿ ಬೇರೆ ಎಷ್ಟು ಭಾಷೆಗಳಲ್ಲಿದೆ ಹೇಳಿ.

ಈ ಪಟ್ಟಿಗಳಲ್ಲಿ ಹೆಣ್ಣುಮಕ್ಕಳು ಎಲ್ಲಿ?

ಕೇಳಲೇಬೇಕಾದ ಪ್ರಶ್ನೆ. ಮೂವರು ರಾಷ್ಟ್ರಕವಿಗಳೂ ಗಂಡಸರು. ಎಂಟು ಜ್ಞಾನಪೀಠವೂ ಗಂಡಸರಿಗೇ. 1915ರಲ್ಲಿ ಶುರುವಾದ ಸಮ್ಮೇಳನಕ್ಕೆ ಒಬ್ಬ ಹೆಣ್ಣುಮಗಳು ಅಧ್ಯಕ್ಷೆ ಆಗುವುದಕ್ಕೆ 1974ರವರೆಗೆ ಕಾಯಬೇಕಾಯಿತು. ಅವರು ಮಂಡ್ಯದ ಸಮ್ಮೇಳನದ ಜಯದೇವಿತಾಯಿ ಲಿಗಾಡೆ. ಬರೆಯುವವರು ಇರಲಿಲ್ಲ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ. ಅಕ್ಕಮಹಾದೇವಿ ಹುಟ್ಟಿದ ಭಾಷೆ ಇದು.

ಅರಮನೆಯ ಒಳಗೇ ಒಂದು ಉದಾಹರಣೆ ಇದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಕೆಲಸದವಳು ಹೊನ್ನಮ್ಮ. ರಾಣಿ ಹೇಳಿದ್ದಕ್ಕೆ 'ಹದಿಬದೆಯ ಧರ್ಮ' ಬರೆದಳು. ಗಂಡನ ಸೇವೆ ಹೇಗೆ ಮಾಡಬೇಕು ಅಂತ ಹೇಳುವ ಪುಸ್ತಕ. ಅದರ ನಡುವೆಯೇ "ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ" ಅಂತ ಕೇಳಿ, ಹೆಣ್ಣು ಅಂತ ಹೀಗಳೆಯುವವರನ್ನು "ಕಣ್ಣು ಕಾಣದ ಗಾವಿಲರು" ಅಂತ ಬೈದಳು. ಗಾವಿಲ ಅಂದ್ರೆ ದಡ್ಡ. ಅವಳ ಗುರು ಅಳಸಿಂಗರಾರ್ಯ ಅವಳನ್ನು 'ಸರಸ ಸಾಹಿತ್ಯದ ವರದೇವತೆ' ಅಂತ ಹೊಗಳಿದ. ಆದರೂ ನಾವು ಅವಳನ್ನು ನೆನಪಿಟ್ಟಿರುವುದು ಸಂಚಿಯ ಹೊನ್ನಮ್ಮ ಅಂತ, ಕೆಲಸದ ಹೆಸರಿನಿಂದ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂತು. ಹಾಸನದ ಲೇಖಕಿಯನ್ನು ಲಂಡನ್ ಗುರುತಿಸಿದ ಮೇಲೆ ಇಲ್ಲಿ ಸನ್ಮಾನಗಳ ಸಾಲು ಹಿಡಿಯಿತು.

ಸಂವಿಧಾನದಲ್ಲಿ ಬಿರುದು ಕೊಡುವ ಹಾಗಿಲ್ಲ ಅಂತಿದೆಯಂತಲ್ಲ?

ಇದೆ. 18ನೇ ವಿಧಿ. ಸೈನ್ಯದ ಮತ್ತು ವಿದ್ಯೆಯ ಪದವಿಗಳನ್ನು ಬಿಟ್ಟು ಸರ್ಕಾರ ಬಿರುದು ಕೊಡಬಾರದು ಅನ್ನುತ್ತದೆ. ಬ್ರಿಟಿಷರ ಕಾಲದ ಸರ್, ರಾವ್ ಬಹದ್ದೂರ್ ಕಾಟ ತಪ್ಪಿಸುವುದಕ್ಕೆ ಇಟ್ಟಿದ್ದು. ಭಾರತ ರತ್ನ, ಪದ್ಮ ಪ್ರಶಸ್ತಿಗಳ ಬಗ್ಗೆ ಇದೇ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿತ್ತು. 1995ರ ಡಿಸೆಂಬರ್‌ನಲ್ಲಿ ತೀರ್ಪು ಬಂತು: ಇವು ಗೌರವಗಳು, ಬಿರುದುಗಳಲ್ಲ, ಆದರೆ ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳಬಾರದು. ನಾವು ಮಾತ್ರ ಆಮಂತ್ರಣ ಪತ್ರಿಕೆಯಲ್ಲಿ 'ಪದ್ಮಶ್ರೀ' ಅಂತ ದಪ್ಪ ಅಕ್ಷರದಲ್ಲಿ ಹಾಕುವುದನ್ನು ಬಿಟ್ಟಿಲ್ಲ.

ಕೊಟ್ಟಿದ್ದನ್ನು ವಾಪಸ್ ಮಾಡಿದವರು ಇದ್ದಾರಾ?

ಟ್ಯಾಗೋರ್ 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಆದ ಮೇಲೆ 'ಸರ್' ಪದವಿ ಬಿಟ್ಟರು. ನಮ್ಮಲ್ಲಿ ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸ್ ಕೊಟ್ಟರು. ದೇವನೂರ ಮಹಾದೇವ 2010ರಲ್ಲಿ ನೃಪತುಂಗ ಪ್ರಶಸ್ತಿಯನ್ನೇ ಬೇಡ ಅಂದರು, ಕನ್ನಡ ಶಿಕ್ಷಣದ ಮಾಧ್ಯಮ ಆಗದೆ ಇದನ್ನು ಹೇಗೆ ತಗೊಳ್ಳಲಿ ಅನ್ನುವುದು ಅವರ ಮಾತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆ ಆಯಿತು. ಅದೇ ವರ್ಷ ದೇಶದಲ್ಲಿ ಪ್ರಶಸ್ತಿ ವಾಪಸಿಯ ದೊಡ್ಡ ಅಲೆ ಎದ್ದಿತು. ಕುಂ. ವೀರಭದ್ರಪ್ಪ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮರಳಿಸಿದರು. ದೇವನೂರರು ಅಕಾಡೆಮಿ ಪ್ರಶಸ್ತಿ, ಪದ್ಮಶ್ರೀ ಎರಡನ್ನೂ ಬಿಟ್ಟರು. ಇದೆಲ್ಲ ನಾಟಕ ಅಂದವರು ಆಗಲೂ ಇದ್ದರು. ಆದರೆ ಹರಿಹರನ ಸಿಟ್ಟು ಗೊತ್ತಿದ್ದವರಿಗೆ ಇದು ಹೊಸದಾಗಿ ಕಾಣುವುದಿಲ್ಲ.

ಜಿಎಸ್‌ಎಸ್ ನಂತರ ಯಾರು?

ಅವರು ತೀರಿಕೊಂಡಿದ್ದು 2013ರ ಡಿಸೆಂಬರ್ 23ರಂದು. ಅದಾದ ಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಆ ಜಾಗ ಖಾಲಿ ಇತ್ತು. ಚೆನ್ನವೀರ ಕಣವಿ, ನಿಸಾರ್ ಅಹಮದ್ ಇದ್ದಾಗಲೇ ಕೊಡಬಹುದಿತ್ತು ಅಂತ ಎಷ್ಟೋ ಜನಕ್ಕೆ ಅನ್ನಿಸಿತ್ತು. ಇಬ್ಬರೂ ಈಗ ಇಲ್ಲ.

ಇನ್ನೊಬ್ಬರು ಬೇಕಾ ಅನ್ನುವುದಕ್ಕೆ ಜಿಎಸ್‌ಎಸ್ ಅವರೇ ಬಿರುದಿಗೆ ಎಷ್ಟೋ ವರ್ಷ ಮುಂಚೆ ಒಂದು ಸಾಲು ಬರೆದಿಟ್ಟಿದ್ದಾರೆ. 'ಎದೆ ತುಂಬಿ ಹಾಡಿದೆನು' ಪದ್ಯ ಎಲ್ಲರಿಗೂ ಬರುತ್ತದೆ. ಅದರಲ್ಲೇ ಇದೆ: "ಹಾಡು ಹಕ್ಕಿಗೆ ಬೇಕೆ ಬಿರುದು ಸನ್ಮಾನ?" ಹೀಗೆ ಕೇಳಿದವರಿಗೇ 2006ರ ರಾಜ್ಯೋತ್ಸವದ ದಿನ, ಏಕೀಕರಣದ ಸುವರ್ಣ ವರ್ಷದಲ್ಲಿ, ನಾಡಿನ ಬಹುದೊಡ್ಡ ಬಿರುದು ಬಂತು. ಅವರು ಬೇಡ ಅನ್ನಲಿಲ್ಲ. ನಾಡು ಪ್ರೀತಿಯಿಂದ ಕೊಟ್ಟಾಗ ತಗೊಳ್ಳುವುದೂ ಒಂದು ಸೌಜನ್ಯ. ಬಿರುದಿಗಾಗಿ ಹಾಡಬೇಡ ಅನ್ನುವುದು ಆ ಸಾಲಿನ ಮಾತು, ಕೊಟ್ಟರೆ ಒದ್ದುಬಿಡು ಅಂತ ಅಲ್ಲ. ಯೋಗ್ಯರು ಇದ್ದರೆ ಕೊಡಲಿ, ಖಾಲಿ ಇದೆ ಅಂತ ತುಂಬುವುದಕ್ಕೆ ಕೊಡುವುದು ಬೇಡ.

ನಮ್ಮ ಸಂಘದಿಂದ ಒಬ್ಬ ಸಾಹಿತಿಗೆ ಸನ್ಮಾನ ಮಾಡಬೇಕು. ಏನು ಕೊಡಬೇಕು?

ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯ ಸ್ಮರಣಿಕೆ. ಇದು ಮಾಮೂಲು ಪಟ್ಟಿ. ಯಾವ ಹಿರಿಯ ಲೇಖಕರ ಮನೆಗೆ ಹೋದರೂ ಬೀರು ತುಂಬ ಶಾಲುಗಳಿರುತ್ತವೆ, ಅಟ್ಟದ ಮೇಲೆ ಸ್ಮರಣಿಕೆಗಳು ಧೂಳು ಹಿಡಿದಿರುತ್ತವೆ. ಇನ್ನೊಂದು ಶಾಲು ಕೊಟ್ಟರೆ ಬೇಸರ ಪಡುವುದಿಲ್ಲ, ಆದರೆ ಇಟ್ಟುಕೊಳ್ಳಲು ಜಾಗ ಇಲ್ಲ.

ಅದರ ಬದಲು ಅವರ ಪುಸ್ತಕದ ಐವತ್ತು ಪ್ರತಿ ಕೊಂಡು ಊರಿನ ಶಾಲೆಗೆ, ಗ್ರಂಥಾಲಯಕ್ಕೆ ಕೊಡಿ. ಅತ್ತಿಮಬ್ಬೆ ಮಾಡಿದ್ದೂ ಅದನ್ನೇ. ದುಡ್ಡಿನ ನಿಧಿ ಕೊಡುವುದಾದರೆ ವ್ಯವಸ್ಥಿತವಾಗಿ ಕೊಡಿ, ಅವರ ಇಷ್ಟಕ್ಕೆ ಬಿಡಿ. ಡಿ.ವಿ.ಜಿ. ತಮ್ಮ ಸನ್ಮಾನದ ನಿಧಿಯನ್ನು ಹಾಗೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಇನ್ನೊಂದು ಮಾತು: ದಯವಿಟ್ಟು ಸನ್ಮಾನಿತರಿಗೆ ಮಾತಾಡಲು ಮೊದಲು ಸಮಯ ಕೊಡಿ. ರಾಜಕಾರಣಿಗಳ ಐದು ಭಾಷಣ ಮುಗಿದು ಜನ ಊಟಕ್ಕೆ ಎದ್ದ ಮೇಲೆ ಮೈಕ್ ಕೊಡುವುದು ಸನ್ಮಾನ ಅಲ್ಲ. ಸಾಹಿತಿಯ ಒಂದು ಪುಸ್ತಕವನ್ನಾದರೂ ಓದಿದವರೇ ಅವರ ಪರಿಚಯ ಮಾಡಿಕೊಡಲಿ. ವಿಕಿಪೀಡಿಯಾ ನೋಡಿಕೊಂಡು ಪ್ರಶಸ್ತಿಗಳ ಪಟ್ಟಿ ಓದಿದರೆ ಮುಂದಿನ ಸಾಲಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ.

ಈ ಸಾಹಿತಿಗಳ ಮನೆಗಳನ್ನು ನೋಡಬಹುದಾ?

ನೋಡಬಹುದು. ತೀರ್ಥಹಳ್ಳಿ ಹತ್ತಿರ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ಇದೆ. ಮಲೆನಾಡಿನ ತೊಟ್ಟಿಮನೆ, ಮರದ ದೊಡ್ಡ ಕಂಬಗಳು. 2015ರಲ್ಲಿ ಅಲ್ಲಿ ಕಳ್ಳತನ ಆಗಿ ಪದ್ಮ ಪ್ರಶಸ್ತಿಯ ಪದಕಗಳು ಹೋದವು. ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲ. ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿದ್ದಾರೆ, ಅಲ್ಲೇ ಅವರ ಸಮಾಧಿ. ಬಂಡೆಯ ಮೇಲೆ ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಅವರ ಹೆಸರಿನ ಅಕ್ಷರಗಳನ್ನು ಕೆತ್ತಿದ್ದು ಕಾಣುತ್ತದೆ. ಸಂಜೆ ಹೊತ್ತು ಹೋಗಿ, ಮಳೆಗಾಲದಲ್ಲಿ ಜಾರುತ್ತದೆ, ಜಿಗಣೆಯೂ ಇರುತ್ತದೆ.

ಧಾರವಾಡದ ಸಾಧನಕೇರಿಯಲ್ಲಿ ಬೇಂದ್ರೆ ಭವನ ಇದೆ. ಪುತ್ತೂರಿನಲ್ಲಿ ಕಾರಂತರ ಬಾಲವನ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯನ್ನು ಸ್ಮಾರಕ ಮಾಡಿದ್ದಾರೆ, ಅವರ ಕವನ ಸಂಕಲನದ ಹೆಸರಿನಲ್ಲೇ 'ಗಿಳಿವಿಂಡು' ಅಂತ ಕರೆಯುತ್ತಾರೆ. ಮಂಗಳೂರಿನಿಂದ ಕಾಸರಗೋಡಿನ ಕಡೆ ಹೋಗುವ ಬಸ್ಸು ಹತ್ತಿದರೆ ತಲಪಾಡಿ ಗಡಿ ದಾಟಿದ ಸ್ವಲ್ಪ ಹೊತ್ತಿಗೇ ಮಂಜೇಶ್ವರ.